ಕಂಬಳಿ ಕಾಣದ ಗಾಡಿ

ಚಿತ್ರದುರ್ಗ
11 ಜೂನ್ 2023

ಅನುಸೂಯಕ್ಕನಿಗೆ,

ಕಾಗದ ನೋಡಿ ಬೈಯಬೇಡ. ನನ್ನ ಜೊತೆ ಮಾತಾಡುವುದಿಲ್ಲ ಅಂತ ಅಪ್ಪನ ತಲೆ ಮುಟ್ಟಿ ಆಣೆ ಮಾಡಿದ್ದೀಯ, ಗೊತ್ತು. ಓದುವುದಿಲ್ಲ, ಬರೆಯುವುದಿಲ್ಲ ಅಂತ ಆಣೆ ಮಾಡಿಲ್ಲವಲ್ಲ. ಅಪ್ಪನಿಗೆ ಆಣೆ ಹಾಕಿಸುವುದು ಗೊತ್ತೇ ಹೊರತು ಅದರ ಸಂದುಗೊಂದು ನೋಡುವುದು ಗೊತ್ತಿಲ್ಲ. ಅದಕ್ಕೇ ಫೋನ್ ಬಿಟ್ಟು ಪೆನ್ನು ಹಿಡಿದಿದ್ದೇನೆ.

ಈ ಕಾಗದ ತಂದ ಲಗೇಜ್ ಆಟೋದಲ್ಲಿ ತಾಡಪಾಲಿನ ಕೆಳಗೆ ಒಂದು ಗಾಡಿ ಇದೆ. ನಾನೇ ಮಾಡಿದ್ದು. ಚಕ್ರ, ಮೋಟಾರು ಹಿರಿಯೂರಿನ ಗುಜರಿಯಲ್ಲಿ ಸಿಕ್ಕ ಬ್ಯಾಟರಿ ಗಾಲಿಕುರ್ಚಿಯವು. ಮೈಯೆಲ್ಲ ತಗಡು. ಮೂತಿಯಲ್ಲಿ, ಮೊಣಕಾಲಿನ ಎತ್ತರಕ್ಕೆ, ಎರಡು ಬೆಳ್ಳಿ ಬಟ್ಟಲಿನಂಥವು ಕಾಣುತ್ತವಲ್ಲ, ಅವೇ ಅದರ ಕಣ್ಣು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ಕೂತು ಮಾಡಿದ್ದೇನೆ. ಅಂಜಲಿ ಇದಕ್ಕೆ ನನ್ನ ಎರಡನೇ ಹೆಂಡತಿ ಅನ್ನುತ್ತಾಳೆ.

ಜೊತೆಗಿರುವ ಪಟ್ಟಿಯನ್ನು ಅಪ್ಪನ ಸೊಂಟಕ್ಕೆ ಕಟ್ಟು. ಪಟ್ಟಿ ಹೋದ ಕಡೆ ಗಾಡಿ ಹೋಗುತ್ತದೆ. ಎದುರಿಗೆ ಯಾರಾದರೂ ನಿಂತರೆ ನಿಲ್ಲುತ್ತದೆ, ಸರಿದರೆ ಹೊರಡುತ್ತದೆ. ಮೇಯುವ ದಾರಿಯಲ್ಲಿ ಈದ ಮರಿಗಳನ್ನು ಅಪ್ಪ ಎದೆಗವುಚಿಕೊಂಡು ಸಂಜೆ ತನಕ ನಡೆಯುವುದನ್ನು ನಾವಿಬ್ಬರೂ ನೋಡಿದ್ದೇವೆ. ಈಗ ಅವನು ಕೆರೆ ಏರಿ ಹತ್ತುವಾಗ ಎದೆ ಹಿಡಿದುಕೊಂಡು ನಿಲ್ಲುತ್ತಾನೆ ಅಂತ, ಸಂತೆಗೆ ಬಂದಿದ್ದ ನಮ್ಮೂರ ಎತ್ತಪ್ಪ ಹೇಳಿದ. ಮರಿಗಳನ್ನು ಇನ್ನು ಗಾಡಿ ಹೊರಲಿ.

ನಾನು ಮಾಡಿದ್ದು ಅಂತ ಮಾತ್ರ ಹೇಳಬೇಡ. ದುರ್ಗದ ಯಾವುದೋ ಕಾಲೇಜಿನವರು ಪರೀಕ್ಷೆಗೆ ಕೊಟ್ಟಿದ್ದಾರೆ ಅನ್ನು. ನನ್ನದು ಅಂತ ಗೊತ್ತಾದರೆ ಗಾಡಿ ಸೀದಾ ಕೆರೆಗೆ. ರಿಜಿಸ್ಟರ್ ಆಫೀಸಿನ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಆದದ್ದು ಮದುವೆಯಾ, ಕಂಬಳಿ ಹಾಸಿದ್ರಾ ನಿಂಗೆ ಅಂತ ಅವತ್ತು ಕೇಳಿದನಲ್ಲ, ಅದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಅಂಜಲಿಯ ಜಾತಿಗಿಂತ ಅವನಿಗೆ ನೋವಾದದ್ದು ಅದೇ ಅನ್ನಿಸುತ್ತದೆ. ನನ್ನ ಮದುವೆಯಲ್ಲಿ ಹಾಸಲೆಂದು ನೇಯಿಸಿಟ್ಟಿದ್ದ ಕಂಬಳಿ ಇನ್ನೂ ಅಟ್ಟದ ಮೇಲಿದೆಯೇ?

ನಿನ್ನ ತಮ್ಮ,
ಓಬಳೇಶ

*

ಬಾಗೂರು
4 ಜುಲೈ 2023

ತಮ್ಮ ಓಬಳೇಶನಿಗೆ,

ಕಾಗದದಲ್ಲಿ ಕ್ಷೇಮ ಬರೆಯಬೇಕಂತೆ. ನಾನು ಅಂಗನವಾಡಿ ಮಕ್ಕಳ ಮೂಗು ಒರೆಸಿಕೊಂಡು ಕ್ಷೇಮ, ಅಪ್ಪ ನನ್ನ ಮೇಲೆ ರೇಗಿಕೊಂಡು ಕ್ಷೇಮ. ಗಂಡನ ಮನೆ ಬಿಟ್ಟು ಬಂದವಳಿಗೆ ಇದಕ್ಕಿಂತ ಕ್ಷೇಮ ಬೇಡ.

ಗಾಡಿ ಇಳಿದ ದಿನ ಊರೆಲ್ಲ ನಮ್ಮ ಕುರಿ ರೊಪ್ಪದ ಮುಂದೆ. ಸೊಂಟಕ್ಕೆ ಪಟ್ಟಿ ಕಟ್ಟಲು ಹೋದೆ ನೋಡು, ಅಪ್ಪ ಹಿಂದಕ್ಕೆ ಸರಿದ. “ಪಟ್ಟಿ ಕಟ್ಟಿಸ್ಕಣಾಕೆ ನಾನೇನು ಟಗರೇನವ್ವ? ಕುರಿಗೆ ಕಟ್ಟು ಹೋಗು,” ಅಂದ. ಕೊನೆಗೆ ಮಂದೆಯ ಮುಂದೆ ನಡೆಯುವ ಕರಿ ಕುರಿಯ ಕೊರಳಿಗೆ ಕಟ್ಟಿದೆವು. ಈಗ ಕರಿ ಕುರಿಯ ಹಿಂದೆ ಮಂದೆ, ಮಂದೆಯ ಹಿಂದೆ ನಿನ್ನ ಗಾಡಿ, ಅದರ ಹಿಂದೆ ಅಪ್ಪ. ಮರಿಯನ್ನು ಗಾಡಿಗೆ ಹಾಕಬೇಕಾದರೆ ಅಪ್ಪ ಓಡಿ ಮುಂದೆ ಬಂದು ಕಾಲು ಅಗಲಿಸಿ ನಿಲ್ಲುತ್ತಾನೆ, ಅದು ನಿಲ್ಲುತ್ತದೆ. ಆಗ ಅವನ ಮುಖ ನೋಡಬೇಕು ನೀನು. ಬಸ್ಸು ನಿಲ್ಲಿಸಿದವನ ಹಾಗೆ.

ಮೊದಲ ದಿನ ಅದನ್ನು ಸುತ್ತಿ ಸುತ್ತಿ ನೋಡಿದ. ಮುಚ್ಚಳದ ಎಡ ಮೂಲೆಯಲ್ಲಿ ವೈರು ಬರಲು ಕತ್ತರಿಸಿದ್ದೀಯಲ್ಲ, ಆ ಕಚ್ಚಿನಲ್ಲಿ ಬೆರಳಾಡಿಸಿದ. ಕಾಲೇಜಿನವರು ಎಲ್ಲ ಗಾಡಿಗೂ ಹೀಗೇ ಕತ್ತರಿಸುತ್ತಾರಾ ಅಂತ ಕೇಳಿದ. ಹೂಂ ಅಂದೆ. ಹಂಗಾ ಅಂದು ಕೈ ತೊಳೆದುಕೊಂಡು ಊಟಕ್ಕೆ ಕೂತ.

ಒಂದು ದೂರು ಇದೆ. ನಿನ್ನ ಗಾಡಿ ಬಂಡೆಗೆ ನಿಲ್ಲುತ್ತದೆ, ಜಾಲಿ ಗಿಡಕ್ಕೆ ನಿಲ್ಲುತ್ತದೆ, ಬೇಲಿಗೆ ನಿಲ್ಲುತ್ತದೆ. ಕುರಿಗೆ ಮಾತ್ರ ನಿಲ್ಲುವುದಿಲ್ಲ. ಹಿಂದಿನಿಂದ ಹೋಗಿ ಗುದ್ದುತ್ತದೆ. ಕುರಿ ಕಾಯಲು ಬಂದವನಿಗೆ ಕುರಿಯೇ ಕಾಣದಿದ್ದರೆ ಹೇಗೋ? ಪುಣ್ಯಕ್ಕೆ ನಿಧಾನ ಹೋಗುತ್ತದೆ, ಏಟಾಗುವುದಿಲ್ಲ.

ಕಂಬಳಿ ಅಟ್ಟದ ಮೇಲೇ ಇದೆ. ವರ್ಷ ವರ್ಷ ಬೇವಿನ ಸೊಪ್ಪು ಬದಲಾಯಿಸುತ್ತಾನೆ. ಯಾಕೆ ಅಂತ ಕೇಳಿದರೆ ಹುಳ ತಿಂದ್ರೆ ನಿಮ್ಮಪ್ಪ ತಂದ್ಕೊಡ್ತಾನಾ ಅನ್ನುತ್ತಾನೆ. ನಿನ್ನ ಹೆಸರು ಮಾತ್ರ ಈ ಮನೆಯಲ್ಲಿ ಎತ್ತುವ ಹಾಗಿಲ್ಲ. ತೀರಾ ಹೇಳಲೇಬೇಕಾದರೆ ‘ದುರ್ಗದೋನು’.

ಅಕ್ಕ,
ಅನುಸೂಯ

*

ಚಿತ್ರದುರ್ಗ
19 ಆಗಸ್ಟ್ 2023

ಅಕ್ಕನಿಗೆ,

ನಿನ್ನ ದೂರು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ತಲೆ ಚಚ್ಚಿಕೊಂಡೆ. ಆ ಬೆಳ್ಳಿ ಬಟ್ಟಲುಗಳು ನಿಜವಾಗಿ ಕಣ್ಣಲ್ಲ, ಕಿವಿ. ಒಂದು ನಮಗೆ ಕೇಳದಷ್ಟು ಸಣ್ಣ ಕೂಗು ಹಾಕುತ್ತದೆ, ಇನ್ನೊಂದು ಆ ಕೂಗು ತಿರುಗಿ ಬರುವುದನ್ನು ಕಾಯುತ್ತದೆ. ಬಾವಿಗೆ ಬಗ್ಗಿ ಕೂಗಿದ ಹಾಗೆ. ಬಂಡೆಗೆ ಬಡಿದರೆ ಸದ್ದು ತಿರುಗಿ ಬರುತ್ತದೆ, ಗಾಡಿ ನಿಲ್ಲುತ್ತದೆ. ಉಣ್ಣೆ ಸದ್ದನ್ನು ನುಂಗಿಬಿಡುತ್ತದೆ. ಕೂಗಿದ್ದು ತಿರುಗಿ ಬರದಿದ್ದರೆ ಗಾಡಿಯ ಪಾಲಿಗೆ ಮುಂದೆ ಯಾರೂ ಇಲ್ಲ.

ಇಲ್ಲಿ ನಾನು ಗೋಡೆ, ಸ್ಟೂಲು, ಬಿಂದಿಗೆ, ಅಂಜಲಿಯ ಕಾಲು, ಎಲ್ಲದರ ಮುಂದೆ ಓಡಿಸಿ ನೋಡಿದ್ದೆ. ಎಲ್ಲಕ್ಕೂ ನಿಂತಿತ್ತು. ಉಣ್ಣೆಯ ಮುಂದೆ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಉಣ್ಣೆಯದು ಅಂತ ಏನೂ ಇಲ್ಲ ಅಕ್ಕ. ಕುರಿಯವರ ಮಗನ ಮನೆಯಲ್ಲಿ ಒಂದು ಕಂಬಳಿಯ ತುಂಡಿಲ್ಲ.

ಇದಕ್ಕೆ ಪರಿಹಾರ ಇದೆ. ಕೂಗುವ ಸೆನ್ಸರ್ ತೆಗೆದು ಬೆಳಕಿನ ಸೆನ್ಸರ್ ಹಾಕಬೇಕು. ಅದಕ್ಕೆ ಉಣ್ಣೆಯೂ ಒಂದೇ, ಕಲ್ಲೂ ಒಂದೇ. ಇನ್ನೊಂದು ಆಸೆಯೂ ಇದೆ. ಜಿಪಿಎಸ್ ಹಾಕಿ ಒಂದು ಸಿಮ್ ಕೂರಿಸಿದರೆ ಗಾಡಿ ಎಲ್ಲಿದೆ ಅಂತ ಫೋನಿನಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಎಲ್ಲಾದರೂ ತುಂಬಾ ಹೊತ್ತು ನಿಂತುಬಿಟ್ಟರೆ ನಿನ್ನ ಫೋನ್ ಬಡಿದುಕೊಳ್ಳುವ ಹಾಗೂ ಮಾಡಬಹುದು. ತೊಂದರೆ ಏನೆಂದರೆ, ಈಗಿರುವ ಬೋರ್ಡ್ ಹಳೆಯದು, ಎರಡರಲ್ಲಿ ಒಂದನ್ನೇ ತಾಳುತ್ತದೆ. ಎರಡನ್ನೂ ನಡೆಸುವ ದೊಡ್ಡ ಬೋರ್ಡ್ ಹೊರಗಿನಿಂದ ತರಿಸಬೇಕು, ತಡವಾಗುತ್ತದೆ.

ಮೊದಲು ಯಾವುದು ಹಾಕಲಿ, ಕಣ್ಣೋ ಚುಕ್ಕೆಯೋ? ನಾಲ್ಕು ಸ್ಕ್ರೂ ಬಿಚ್ಚಿ ಒಳಗಿನ ಕರಿ ಪೆಟ್ಟಿಗೆಯನ್ನು ಹೊಳಲ್ಕೆರೆ ಮೇಲೆ ಬರುವ ಬಸ್ಸಿಗೆ ಹಾಕು.

ಓಬಳೇಶ

*

ಬಾಗೂರು
2 ನವೆಂಬರ್ 2023

ತಮ್ಮನಿಗೆ,

ಇಷ್ಟು ದಿನ ಪೆಟ್ಟಿಗೆ ಬಿಚ್ಚಲು ಅಪ್ಪ ಬಿಡಲಿಲ್ಲ. ಮರಿ ಹಾಕುವ ಕಾಲ, ಈಗ ಗಾಡಿ ನಿಲ್ಲಿಸಿದರೆ ಮರಿಗಳನ್ನು ನೀನು ಹೊರ್ತೀಯಾ ಅಂದ. ಜೂನ್‌ನಲ್ಲಿ ‘ಆ ತಗಡು’ ಅನ್ನುತ್ತಿದ್ದವನು ಈಗ ಇರುಳು ಅದರ ಮೇಲೆ ಗೋಣಿಚೀಲ ಹೊದಿಸುತ್ತಾನೆ. ಸದ್ಯಕ್ಕೆ ಈಯುವ ಕುರಿಗಳು ಮುಗಿದವು, ಪೆಟ್ಟಿಗೆ ಕಳಿಸುತ್ತಿದ್ದೇನೆ.

ಮೊದಲು ಯಾವುದು ಅಂತ ಕೇಳಿದೆಯಲ್ಲ. ಕಣ್ಣು ಹಾಕು. ಯಾಕೆಂದರೆ ಮೊನ್ನೆ ಒಂದು ತಮಾಷೆಯಾಯಿತು. ಚಳಿ ಶುರುವಾಗಿದೆ, ಅಪ್ಪ ತಲೆ ಮೇಲಿಂದ ಕಂಬಳಿ ಕೊಪ್ಪೆ ಹಾಕಿಕೊಂಡು ದಾರಿ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದನಂತೆ. ಗಾಡಿ ಬಂದು ಸೀದಾ ಅವನಿಗೇ ಗುದ್ದಿತು. ಮನೆಗೆ ಬಂದು ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು. “ನನ್ನೂ ಕುರಿ ಅಂದ್ಕಂಡ್ತು ಕಣವ್ವ. ಬಲು ಹುಷಾರೈತೆ,” ಅಂದ. ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ನಾನೂ ನಕ್ಕೆ. ಮಲಗುವಾಗ ಯಾಕೋ ಅದೇ ಮಾತು ಮನಸ್ಸಿಗೆ ಬಂದು ಸರಿ ಕಾಣಲಿಲ್ಲ.

ಎದೆ ಉರಿ ಅನ್ನುತ್ತಿರುತ್ತಾನೆ. ಹೊಸದುರ್ಗದ ಆಸ್ಪತ್ರೆಗೆ ಹೋಗಾಣ ಬಾ ಅಂದರೆ, ಮೆಣಸಿನಕಾಯಿ ಕಮ್ಮಿ ಹಾಕು ಸಾಕು ಅನ್ನುತ್ತಾನೆ.

ಅನುಸೂಯ

*

ಚಿತ್ರದುರ್ಗ
26 ನವೆಂಬರ್ 2023

ಅಕ್ಕನಿಗೆ,

ಬೇಸರ ಮಾಡಿಕೊಳ್ಳಬೇಡ. ನೀನು ಕಣ್ಣು ಅಂದಿದ್ದೆ. ನಾನು ಚುಕ್ಕೆ ಹಾಕಿದ್ದೇನೆ.

ನಿನ್ನ ಕಾಗದ ಓದಿ ಬೆಳಕಿನ ಸೆನ್ಸರನ್ನೇ ಕೈಗೆತ್ತಿಕೊಂಡಿದ್ದೆ. ಬೆಸುಗೆಗೆ ಕಾಯಿಸಿಯೂ ಆಗಿತ್ತು. ಆಮೇಲೆ ಅಪ್ಪ ನಕ್ಕ ಅಂತ ಬರೆದಿದ್ದೀಯಲ್ಲ, ಅದನ್ನು ಮತ್ತೆ ಓದಿದೆ. ಅವನ ನಗು ಹೇಗಿತ್ತು ಅಂತ ನೆನಪು ಮಾಡಿಕೊಳ್ಳಲು ಹೋದೆ, ಬರಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ಸಲ ಹೊಸದುರ್ಗದ ಸಂತೆಯಲ್ಲಿ ದೂರದಿಂದ ಅವನ ಬೆನ್ನು ಕಂಡಿದ್ದೆ, ಅಷ್ಟೇ. ಮುಖ ತೋರಿಸದಿದ್ದರೆ ಬೇಡ. ಅವನು ಈ ಹೊತ್ತು ಎಲ್ಲಿ ನಡೆಯುತ್ತಿದ್ದಾನೆ ಅಂತಾದರೂ ನೋಡಬೇಕು ಅನ್ನಿಸಿತು. ನನ್ನ ಆಸೆಗೆ ಹಾಕಿದ್ದು ಇದು, ಒಪ್ಪಿಕೊಳ್ಳುತ್ತೇನೆ.

ದೊಡ್ಡ ಬೋರ್ಡ್ ಬರುವುದಿದೆ. ಸಂಕ್ರಾಂತಿ ಹೊತ್ತಿಗೆ ಕಣ್ಣನ್ನೂ ಹಾಕಿಬಿಡುತ್ತೇನೆ. ಅಲ್ಲಿ ತನಕ ನಾಲ್ಕು ಕುರಿ ಗುದ್ದಿಸಿಕೊಳ್ಳಲಿ. ಅಪ್ಪನಿಗೆ ದಾರಿ ಮೇಲೆ ಕೂರಬೇಡ ಅಂತ ಹೇಳು.

ಜೊತೆಗಿರುವ ಚೀಟಿಯಲ್ಲಿದ್ದ ಹಾಗೆ ನಿನ್ನ ಫೋನಿಗೆ ಹಾಕಿಕೋ. ಗಾಡಿ ತುಂಬಾ ಹೊತ್ತು ನಿಂತರೆ ಬಡಿದುಕೊಳ್ಳುತ್ತದೆ, ಆಗ ಹೋಗಿ ನೋಡು. ಚಲಿಸುತ್ತಿದ್ದರೆ ಎಲ್ಲ ಸರಿಯಿದೆ ಅಂತ ಅರ್ಥ.

ಓಬಳೇಶ

*

ಬಾಗೂರು
21 ಡಿಸೆಂಬರ್ 2023

ತಮ್ಮನಿಗೆ,

ಚುಕ್ಕೆ ಚೆನ್ನಾಗಿದೆ. ಅಂಗನವಾಡಿಯಲ್ಲಿ ಕೂತೇ ಅಪ್ಪ ಎಲ್ಲಿ ಅಂತ ಗೊತ್ತಾಗುತ್ತದೆ. ಮೊದಲೆಲ್ಲ ಮಧ್ಯಾಹ್ನ ಒಂದು ಸಲ ಹೋಗಿ ನೋಡಿ ಬರುತ್ತಿದ್ದೆ, ಈಗ ಅದೂ ತಪ್ಪಿತು. ಕಾಲಿಗೆ ಆರಾಮ.

ಅಪ್ಪನಿಗೂ ತೋರಿಸಿದೆ. ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದ. ಈ ಚುಕ್ಕೆ ಯಾರ್ಯಾರಿಗೆ ಕಾಣುತ್ತದೆ ಅಂತ ಕೇಳಿದ. ನನಗೆ ಕಾಣುತ್ತದೆ, ಕಾಲೇಜಿನವರಿಗೂ ಕಾಣುತ್ತದೆ ಅಂದೆ. “ದುರ್ಗದಾಗೆ ಕುಂತ್ರೂ ಕಾಣ್ತೈತಾ?” ಅಂದ. ಹೂಂ ಅಂದೆ.

ಆವತ್ತಿನಿಂದ ಒಂದು ಹೊಸ ಚಾಳಿ. ದಿನಾ ಬೆಳಿಗ್ಗೆ ಮಂದೆಯನ್ನು ಕೆರೆ ಏರಿ ಮೇಲೆ ಹತ್ತಿಸಿ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಸುತ್ತಾನೆ. ಆಮೇಲೆ ಮೇಯಿಸಲು ಕಾವಲಿಗೆ ಹೊಡೆದುಕೊಂಡು ಹೋಗುತ್ತಾನೆ. ಏರಿ ಮೇಲೆ ಮೇವಿಲ್ಲ, ಏನಿಲ್ಲ. ಅಲ್ಲಿ ಏನು ಕಾಣುತ್ತದೆ ನಿಂಗೆ ಅಂತ ಎತ್ತಪ್ಪ ರೇಗಿಸಿದ್ದಕ್ಕೆ, ಕುರಿಗೆ ಗಾಳಿ ಬೇಕು ಅಂದನಂತೆ.

ಬಂದರೆ ಸಂಕ್ರಾಂತಿಗೆ ಬಾ. ಬಾ ಅಂತ ನಾನು ಬಾಯಿಬಿಟ್ಟು ಹೇಳಿಲ್ಲ, ಬರೆದಿದ್ದೇನೆ.

ಅನುಸೂಯ

*

ಚಿತ್ರದುರ್ಗ
7 ಜನವರಿ 2024, ಭಾನುವಾರ ಸಂಜೆ

ಅಕ್ಕನಿಗೆ,

ಇವತ್ತು ಅಂಗಡಿಗೆ ರಜೆ. ಬೆಳಗಿನಿಂದ ಅಂಜಲಿ ಮತ್ತು ನಾನು ಚುಕ್ಕೆ ನೋಡಿಕೊಂಡೇ ಕೂತಿದ್ದೇವೆ. ಅಡುಗೆಗೆ ಎದ್ದು ಹೋದರೂ ಈಗ ಎಲ್ಲಿ, ಈಗ ಎಲ್ಲಿ ಅಂತ ಅವಳು ಒಳಗಿನಿಂದ ಕೇಳುತ್ತಿದ್ದಳು. ಬೆಳಿಗ್ಗೆ ಏರಿ ಮೇಲೆ ಆ ತುದಿಗೆ ಹೋದ, ಈ ತುದಿಗೆ ಬಂದ. ಒಂದು ಕಡೆ ಸ್ವಲ್ಪ ತಡವರಿಸಿದ ಹಾಗಾಯಿತು, ಮತ್ತೆ ಹೊರಟ. ಕಾವಲಿಗೆ ಇಳಿದ. ಹೊಂಡದ ಹತ್ತಿರ ನೀರು ಕುಡಿಸಿದ. ಅಲ್ಲಿಂದ ಬಾರೆ ದಿಬ್ಬ ಹತ್ತಿ ಇಳಿದ. ಇಡೀ ದಿನ ಕೂತಿದ್ದೇ ಇಲ್ಲ ಅಕ್ಕ. ಎದೆ ನೋವಿನವನು ಇಷ್ಟು ನಡೆಯುತ್ತಾನಾ? ಎತ್ತಪ್ಪ ಸುಮ್ಮನೆ ಹೆದರಿಸಿದ್ದ. ನಿಮ್ಮಪ್ಪನ ಕಾಲು ನಿನಗೆ ಬರಬಾರದಿತ್ತಾ, ಅಂಗಡಿಗೂ ಗಾಡಿಯಲ್ಲಿ ಹೋಗುತ್ತೀಯ ಅಂತ ಅಂಜಲಿ ನನ್ನನ್ನು ಆಡಿಕೊಂಡಳು.

ದೊಡ್ಡ ಬೋರ್ಡ್ ಬಂದಿದೆ. ಕಣ್ಣೂ ರೆಡಿ. ಬಸ್ಸಿಗೆ ಹಾಕುವುದು ಬೇಡ, ಸಂಕ್ರಾಂತಿಗೆ ನೀನೇ ತಗೊಂಡು ಹೋಗು, ನಾನೂ ಬರುತ್ತೇನೆ, ಒದ್ದರೆ ಇಬ್ಬರೂ ಒದೆಸಿಕೊಳ್ಳೋಣ ಅನ್ನುತ್ತಾಳೆ ಅಂಜಲಿ. ಬಂದೇ ಬರುತ್ತೇವೆ. ಅಪ್ಪ ಮುಖ ತಿರುಗಿಸಿದರೂ ಅವನ ಎದುರಿಗೇ ಕೂತು ಕಣ್ಣು ಕೂರಿಸುತ್ತೇನೆ. ಕೆಲಸ ಮಾಡುವ ಕೈಯನ್ನು ಅವನು ಯಾವತ್ತೂ ತಡೆದವನಲ್ಲ.

ಈಗ ಚುಕ್ಕೆ ಊರ ಕಡೆ ತಿರುಗಿದೆ. ಅಪ್ಪ ಮನೆಗೆ ಬರುತ್ತಿದ್ದಾನೆ. ನೀರು ಕಾಯಿಸಿಡು, ಇವತ್ತು ತುಂಬಾ ನಡೆದಿದ್ದಾನೆ.

ಈಗಲೇ ಹೋಗಿ ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ.

ಓಬಳೇಶ

*

ಚಿತ್ರದುರ್ಗ
29 ಜನವರಿ 2024

ಅಕ್ಕ,

ಅಪ್ಪನಿಗೆ ಮಣ್ಣು ಹಾಕುವಾಗ ನಿನ್ನ ಪಕ್ಕದಲ್ಲೇ ನಿಂತಿದ್ದೆ. ನೀನು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಆಣೆ ಇನ್ನೂ ಇದೆಯೋ, ಅಪ್ಪನ ಜೊತೆ ಹೋಯಿತೋ ನನಗೆ ತಿಳಿಯಲಿಲ್ಲ. ಅಂಜಲಿ ನಿನ್ನ ಕೈ ಹಿಡಿದಳು, ನೀನು ಬಿಡಿಸಿಕೊಳ್ಳಲಿಲ್ಲ. ಅಷ್ಟು ಸಾಕು.

ಯಾರೂ ನನಗೆ ಸರಿಯಾಗಿ ಏನೂ ಹೇಳಲಿಲ್ಲ. ಒಬ್ಬರು ಏರಿ ಹತ್ತಿರ ಅಂದರು, ಇನ್ನೊಬ್ಬರು ಬೆಳಿಗ್ಗೆಯೇ ಆಗಿತ್ತು ಅಂದರು. ಬೆಳಿಗ್ಗೆಯೇ ಆಗಿದ್ದರೆ ನಾನು ಸಂಜೆ ತನಕ ನೋಡಿದ್ದು ಯಾರನ್ನು? ಬರೆ ಅಕ್ಕ. ಗೊತ್ತಿದ್ದೂ ಕೇಳುತ್ತಿದ್ದೇನೆ. ನಿನ್ನ ಕೈಯಿಂದ ಓದಬೇಕು.

ಗಾಡಿಯನ್ನು ಒಡೆದು ಹಾಕು. ಎತ್ತಪ್ಪನ ಕೊಡಲಿ ಇಸಕೊಂಡು ಒಡೆದು ಹಾಕು. ಅದು ನನ್ನ ಕಣ್ಣಿಗೆ ಬೀಳಬಾರದು.

ಓಬಳೇಶ

*

ಬಾಗೂರು
18 ಫೆಬ್ರವರಿ 2024

ತಮ್ಮನಿಗೆ,

ಕೇಳಿದ್ದೀಯ, ಬರೆಯುತ್ತೇನೆ. ಓದಿ ಮುಗಿಸುವ ತನಕ ಅಂಜಲಿಯನ್ನು ಪಕ್ಕದಲ್ಲಿ ಕೂರಿಸಿಕೋ.

ಅವತ್ತು ಮಂಜು ಬಿದ್ದಿತ್ತು. ಅಪ್ಪ ತಲೆ ತುಂಬ ಕಂಬಳಿ ಹೊದ್ದುಕೊಂಡು ಮಂದೆ ಹೊಡೆದುಕೊಂಡು ಹೋದ. ಏರಿ ಮೇಲೆ ಒಂದು ಕುರಿ ಈದಿದೆ. ಮರಿಯನ್ನು ಗಾಡಿಯಲ್ಲಿ ಹಾಕಿದ್ದಾನೆ. ಆಮೇಲೆ ಎದೆ ಹಿಡಿದುಕೊಂಡಿದೆಯೋ ಏನೋ, ಗಾಡಿಯ ಮುಂದೆ ಹೋಗಿ ದಾರಿಗೆ ಅಡ್ಡಲಾಗಿ ಮಲಗಿದ್ದಾನೆ. ನಿಲ್ಲಲು ಆಗಿರಲಿಕ್ಕಿಲ್ಲ. ಗಾಡಿ ನಿಂತರೆ ನನ್ನ ಫೋನ್ ಬಡಿದುಕೊಳ್ಳುತ್ತದೆ ಅಂತ ಅವನಿಗೆ ಗೊತ್ತಿತ್ತು, ನಾನೇ ಹೇಳಿದ್ದೆ. ಅದಕ್ಕೇ ಅಡ್ಡ ಮಲಗಿದ ಅಂತ ನಾನು ತಿಳಿದುಕೊಂಡಿದ್ದೇನೆ. ಪಕ್ಕದಲ್ಲೇ ಹೊಂಗೆ ಮರ ಇತ್ತು, ನೆರಳಿತ್ತು, ಕೂರಲು ಕಲ್ಲಿತ್ತು. ಅದನ್ನೆಲ್ಲ ಬಿಟ್ಟು ಯಾರಾದರೂ ಗಾಡಿ ದಾರಿಯಲ್ಲಿ ಮಲಗುತ್ತಾರಾ?

ಗಾಡಿಗೆ ಕಂಬಳಿ ಕಾಣಲಿಲ್ಲ. ಗುದ್ದಿದೆ, ಹಿಂದೆ ಸರಿದಿದೆ, ಮತ್ತೆ ಗುದ್ದಿದೆ, ಪಕ್ಕಕ್ಕೆ ತಿರುಗಿ, ದಿನದ ದಾರಿ ಹಿಡಿದ ಕರಿ ಕುರಿಯ ಹಿಂದೆ ಹೋಗಿದೆ. ಕಂಬಳಿಯ ಅಂಚಿನ ಮೇಲೆ ಚಕ್ರದ ಕೆಸರಿತ್ತು. ನೀನು ಕಾಗದದಲ್ಲಿ ಒಂದು ಕಡೆ ತಡವರಿಸಿದ ಅಂತ ಬರೆದಿದ್ದೀಯಲ್ಲ, ಅದೇ ಅದು. ನಿನ್ನ ಕಾಗದ ನನ್ನ ಕೈಗೆ ಬಂದದ್ದು ಮಣ್ಣು ಮಾಡಿದ ಮಾರನೇ ದಿನ.

ನಾನೂ ದಿನವಿಡೀ ಫೋನ್ ನೋಡಿದೆ. ಚುಕ್ಕೆ ನಡೆಯುತ್ತಿತ್ತು. ಅಪ್ಪ ಸರಿಯಿದ್ದಾನೆ ಅಂತ ಹಪ್ಪಳಕ್ಕೆ ಹಿಟ್ಟು ಕಲಸಿದೆ. ಸಂಜೆ ಮಂದೆ ಬಂತು, ಗಾಡಿ ಬಂತು, ಗಾಡಿಯೊಳಗೆ ಮರಿ ಅರಚುತ್ತಿತ್ತು. ಹಿಂದೆ ಯಾರೂ ಇರಲಿಲ್ಲ. ಎತ್ತಪ್ಪ ಬ್ಯಾಟರಿ ಹಿಡಿದುಕೊಂಡು ಓಡಿ ಹುಡುಕಿದ. ಏರಿ ಮೇಲೆ ಸಿಕ್ಕ, ಇಡೀ ದಿನ ಆ ಕಡೆ ಯಾರೂ ಹೋಗಿರಲಿಲ್ಲ. ಬೆಳಿಗ್ಗೆಯೇ ತಂದಿದ್ದರೆ ಉಳಿಯುತ್ತಿದ್ದನಾ ಅಂತ ಡಾಕ್ಟರನ್ನು ಕೇಳಿದೆ. ಹೇಳಕ್ಕಾಗಲ್ಲಮ್ಮ ಅಂದರು. ಆ ಮಾತನ್ನು ಒಬ್ಬಳೇ ಹೊರಲು ನನ್ನಿಂದಾಗುವುದಿಲ್ಲ ತಮ್ಮ, ಅರ್ಧ ನೀನಿಟ್ಟುಕೋ. ಇಡೀ ನಿನ್ನದೇ ಅಂತ ಎಳೆದುಕೊಳ್ಳಬೇಡ. ಮಧ್ಯಾಹ್ನ ಹೋಗಿ ನೋಡಿ ಬರುವುದನ್ನು ಬಿಟ್ಟವಳು ನಾನು.

ಗಾಡಿ ಒಡೆ ಅಂದೆ. ಒಡೆಯಬೇಕು ಅಂತಲೇ ಎತ್ತಪ್ಪನ ಮನೆಗೆ ಕೊಡಲಿ ಕೇಳಲು ಹೋದೆ. ಯಾಕೆ ಅಂದ. ಹೇಳಿದೆ. ಅವನು ಕೊಡಲಿ ಕೊಡಲಿಲ್ಲ.

“ಓಬನ್ನ ಒಡೀತೀಯಾ?” ಅಂದ.

ನನಗೆ ಅರ್ಥವಾಗಲಿಲ್ಲ. ಆಗ ಅವನೇ ಹೇಳಿದ. ಊರು ದಾಟುವ ತನಕ ಅಪ್ಪ ಅದನ್ನು ಗಾಡಿ ಅನ್ನುತ್ತಿದ್ದನಂತೆ. ಏರಿ ಹತ್ತಿದ ಮೇಲೆ ಓಬ. ಬಾರೋ ಓಬ, ನಿಲ್ಲೋ ಓಬ, ಮರಿ ಹುಷಾರು ಕಣೋ ಓಬ. ಕಾವಲಿನಲ್ಲಿ ಮೇಯಿಸುವವರಿಗೆಲ್ಲ ಗೊತ್ತಿತ್ತಂತೆ, ನನಗೊಬ್ಬಳಿಗೆ ಗೊತ್ತಿರಲಿಲ್ಲ. ನಿನ್ನ ಮಗ ಮಾಡಿದ್ದು ಅಂತ ಯಾರು ಹೇಳಿದರು ಅಂತ ಎತ್ತಪ್ಪ ಒಂದು ಸಲ ಕೇಳಿದ್ದಕ್ಕೆ, ಅಪ್ಪ ಕುರಿಯೊಂದರ ಎಡಗಿವಿ ಹಿಡಿದು ತೋರಿಸಿ, ಆಮೇಲೆ ಗಾಡಿಯ ಮುಚ್ಚಳ ತೋರಿಸಿದನಂತೆ.

ಓಡಿ ಬಂದು ನೋಡಿದೆ. ನಮ್ಮ ಕುರಿಗಳ ಕಿವಿಗೆ ಗುರುತಿಗೆ ಹಾಕುವ ಕಚ್ಚು ಇದೆಯಲ್ಲ, ಹಕ್ಕಿ ಬಾಯಿ ತೆರೆದ ಹಾಗೆ, ತಗಡನ್ನು ನೀನು ಹಾಗೇ ಕತ್ತರಿಸಿದ್ದೀಯ. ಎಡಗಡೆಯೇ. ವೈರು ಬರಲು ಒಂದು ತೂತು ಸಾಕಿತ್ತು. ನಿನ್ನ ಕೈಗೆ ಬೇರೆ ಕಚ್ಚು ಬರುವುದಿಲ್ಲ ಅಂತ ಮೊದಲ ದಿನವೇ ಅಪ್ಪನಿಗೆ ಗೊತ್ತಾಗಿದೆ. ಅದಕ್ಕೇ ಕೇಳಿದ, ಎಲ್ಲ ಗಾಡಿಗೂ ಹಿಂಗೇ ಕತ್ತರಿಸುತ್ತಾರಾ ಅಂತ. ನಾನು ಹೂಂ ಅಂದೆ. ನಾನಾದರೂ ಬಾಯಿ ಬಿಡಬಹುದಿತ್ತು, ಅವನಾದರೂ ಬಿಡಬಹುದಿತ್ತು. ನಮ್ಮ ಮನೆಯವರ ಬಾಯಿಗಿಷ್ಟು ಬೆಂಕಿ ಹಾಕ.

ದುರ್ಗದಾಗೆ ಕುಂತ್ರೂ ಕಾಣ್ತೈತಾ ಅಂತ ಕೇಳಿದವನು ಏರಿ ಮೇಲೆ ಯಾಕೆ ಆ ತುದಿಗೂ ಈ ತುದಿಗೂ ನಡೆಯುತ್ತಿದ್ದ ಅಂತ ಈಗ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಗೇಜ್ ಆಟೋದಲ್ಲಿ ಗಾಡಿ ಕಳಿಸುತ್ತಿದ್ದೇನೆ. ಕಣ್ಣು ಹಾಕು. ಮಂದೆ ಈಗ ಎತ್ತಪ್ಪನ ಮಂದೆಯ ಜೊತೆ ಮೇಯುತ್ತಿದೆ, ಅವನಿಗೂ ವಯಸ್ಸಾಗಿದೆ, ಅವನೂ ಕಂಬಳಿ ಹೊದೆಯುವವನೇ. ಗಾಡಿಯೊಳಗೆ ಅಟ್ಟದ ಮೇಲಿನ ಕಂಬಳಿ ಇಟ್ಟಿದ್ದೇನೆ. ಕೊಡು ಅಂತ ಅಪ್ಪ ಹೇಳಿರಲಿಲ್ಲ. ಕೊಡಬೇಡ ಅಂತಲೂ ಹೇಳಿರಲಿಲ್ಲ. ಅವನ ಮಾತಿನ ಸಂದುಗೊಂದು ನೋಡುವುದನ್ನು ನಿನ್ನಿಂದಲೇ ಕಲಿತೆ.

ಅಕ್ಕ

*

ಚಿತ್ರದುರ್ಗ
10 ಮಾರ್ಚ್ 2024

ಅಕ್ಕನಿಗೆ,

ಗಾಡಿ ಬಂದು ಒಂದು ವಾರ ಬಾಗಿಲ ಹೊರಗೇ ಇತ್ತು. ಒಳಗೆ ತರಲು ನನ್ನಿಂದಾಗಲಿಲ್ಲ. ಕೊನೆಗೆ ಅಂಜಲಿಯೇ ತಳ್ಳಿಕೊಂಡು ಬಂದಳು. ಕಂಬಳಿ ಬಿಚ್ಚಿ ಮೂಗಿಗೆ ಹಿಡಿದಳು, ನನಗೂ ಕೊಟ್ಟಳು. ಬೇವಿನ ಸೊಪ್ಪಿನ ವಾಸನೆ, ಅದರ ಕೆಳಗೆ ನಮ್ಮ ರೊಪ್ಪದ ವಾಸನೆ. ಅಲ್ಲೇ ಕೂತು ಅತ್ತೆ. ಮಣ್ಣು ಹಾಕುವಾಗ ಬರದ ಅಳು ಆಗ ಬಂತು.

ಆಮೇಲೆ ಕೆಲಸಕ್ಕೆ ಕೂತೆ. ಹಳೇ ಬೋರ್ಡ್ ತೆಗೆದು ದೊಡ್ಡದನ್ನು ಹಾಕಿದೆ. ಕಣ್ಣು ಬಿಚ್ಚುವ ಮೊದಲು ಒಂದು ಸಲ ನೋಡಬೇಕು ಅನ್ನಿಸಿ, ಕಂಬಳಿಯನ್ನು ಸುರುಳಿ ಸುತ್ತಿ ನೆಲದ ಮೇಲಿಟ್ಟು ಹಳೆಯ ಕಣ್ಣಿನಲ್ಲೇ ಗಾಡಿ ಬಿಟ್ಟೆ. ಗುದ್ದಿತು. ಹಿಂದೆ ಸರಿಯಿತು. ಮತ್ತೆ ಗುದ್ದಿತು. ಅಂಜಲಿ ಹೋಗಿ ಅದರ ಸ್ವಿಚ್ ಆರಿಸಿದಳು. ಈ ಕಂಬಳಿ ಒಂದು ವರ್ಷ ಮೊದಲು ನನ್ನ ಮನೆಯಲ್ಲಿದ್ದಿದ್ದರೆ ಗಾಡಿ ಊರಿಗೆ ಬರುವ ಮೊದಲೇ ಅದರ ಕುರುಡು ನನಗೆ ಗೊತ್ತಾಗುತ್ತಿತ್ತು. ಯಾರನ್ನೂ ದೂರುತ್ತಿಲ್ಲ. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡದು ಹೋಯಿತಲ್ಲ ಅಂತ.

ಹೊಸ ಕಣ್ಣು ಕೂರಿಸಿದ ಮೇಲೆ ಸುರುಳಿಯ ಮುಂದೆ ಬಿಟ್ಟೆ, ನಿಂತಿತು. ನನಗೆ ನಂಬಿಕೆ ಬರಲಿಲ್ಲ. ನಿನ್ನೆ ಸಾಯಂಕಾಲ ಮನೆ ಹಿಂದಿನ ಬಯಲಿಗೆ ಹೋಗಿ, ಕಂಬಳಿ ಹೊದ್ದು, ಮುಖ ಮುಚ್ಚಿಕೊಂಡು ಅದರ ದಾರಿಗೆ ಅಡ್ಡ ಮಲಗಿದೆ. ಅಂಜಲಿ ಪಟ್ಟಿ ಹಿಡಿದುಕೊಂಡು ಆ ಕಡೆ ನಿಂತಳು. ಒಳಗೆ ಏನೂ ಕಾಣುವುದಿಲ್ಲ ಅಕ್ಕ. ಚಕ್ರ ಬರುವ ಸದ್ದು ಮಾತ್ರ ಕೇಳುತ್ತದೆ. ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅಪ್ಪ ಇದನ್ನೇ ಕೇಳಿಸಿಕೊಂಡಿರಬೇಕು, ಈಗ ನಿಲ್ಲುತ್ತದೆ ಅಂದುಕೊಂಡಿರಬೇಕು.

ನಿಂತಿತು. ನಾನು ಏಳಲಿಲ್ಲ, ಅಂಜಲಿಯೂ ಎಬ್ಬಿಸಲಿಲ್ಲ. ಕತ್ತಲಾಗುವ ತನಕ ಅದು ನನ್ನ ಎದೆಯ ಹತ್ತಿರವೇ ನಿಂತಿತ್ತು.

ಇವತ್ತು ಅಂಜಲಿ ಆ ಕಂಬಳಿಯನ್ನು ನಡುಮನೆಯಲ್ಲಿ ಹಾಸಿದಳು. ಇಬ್ಬರೂ ಸ್ವಲ್ಪ ಹೊತ್ತು ಅದರ ಮೇಲೆ ಕೂತಿದ್ದೆವು. ಕಂಬಳಿ ಹಾಸಿದ್ರಾ ಅಂತ ಕೇಳಿದರೆ, ಹಾಸಿದ್ರು ಅಂತ ಹೇಳು.

ಬರುವ ವಾರ ಗಾಡಿಯ ಜೊತೆ ನಾವೂ ಬರುತ್ತೇವೆ.

ನಿನ್ನ ತಮ್ಮ,
ಓಬ

*

ಬಾಗೂರು
13 ಮಾರ್ಚ್ 2024

ಓಬನಿಗೆ,

ಬನ್ನಿ ಇಬ್ಬರೂ. ಆಣೆ ಮಣ್ಣಿಗೆ ಹೋಯಿತು, ಈ ಸಲ ಬಾಯಿಬಿಟ್ಟು ಮಾತಾಡುತ್ತೇನೆ.

ನೀನು ಬಯಲಲ್ಲಿ ಮಲಗಿದ್ದು ನಿನ್ನ ಕಾಗದ ಬರುವ ತನಕ ನನಗೆ ಗೊತ್ತಿರಲಿಲ್ಲ. ಶನಿವಾರ ಸಂಜೆ ಒಲೆ ಮುಂದೆ ಕೂತಿದ್ದೆ, ಫೋನ್ ಬಡಿದುಕೊಂಡಿತು. ಗಾಡಿ ನಿಂತಿದೆ, ಹೋಗಿ ನೋಡಿ ಅಂತ ಬಂದಿತ್ತು. ಚಪ್ಪಲಿಯನ್ನೂ ಮೆಟ್ಟದೆ ಎದ್ದು ಓಡಿದೆ. ಎತ್ತಪ್ಪ ಯಾಕವ್ವ, ಎಲ್ಲಿಗವ್ವ ಅಂತ ಕೂಗಿದ. ಅಪ್ಪ ಮಲಗವ್ನೆ, ನೀರು ತಗಂಬಾ ಅಂತ ಹೇಳಿ ಏರಿ ಹತ್ತಿದೆ. ಹೊಂಗೆ ಮರದ ತನಕ ಹೋದೆ.

ಅಲ್ಲಿ ಯಾರೂ ಇರಲಿಲ್ಲ.

ಅಕ್ಕ,
ಅನುಸೂಯ